ಎದುರಿಗೆ ಯಾರು ಕೂತಿದ್ದಾರೆ? ಡೆಸ್ಕ್‌ಟಾಪ್, ಸರ್ವರ್ ಮತ್ತು ಡಿಫಾಲ್ಟ್ ಸೆಟ್ಟಿಂಗ್‌ಗಳು

2009ರ ನವೆಂಬರ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ರೂಪವಾದ ಫೆಡೋರಾ 12 ಬಂತು. ಅದನ್ನು ಹಾಕಿಕೊಂಡವರಲ್ಲಿ ಕೆಲವರು ಕೂಡಲೇ ಒಂದು ವಿಷಯ ಗಮನಿಸಿದರು. ಯಂತ್ರದ ಮುಂದೆ ಕೂತು ಲಾಗಿನ್ ಆದ ಮಾಮೂಲಿ ಬಳಕೆದಾರ ಹೊಸ ಸಾಫ್ಟ್‌ವೇರ್ ಹಾಕಲು ಹೋದರೆ ಅದು ಪಾಸ್‌ವರ್ಡನ್ನೇ ಕೇಳುತ್ತಿರಲಿಲ್ಲ. ಪ್ಯಾಕೇಜು ನಂಬಿಕೆಯ ರೆಪೊಸಿಟರಿಯಿಂದ, ಅಂದರೆ ಸಾಫ್ಟ್‌ವೇರ್ ಭಂಡಾರದಿಂದ, ಬರಬೇಕು, ಅದರ ಮೇಲೆ ಸರಿಯಾದ ಡಿಜಿಟಲ್ ಸಹಿ ಇರಬೇಕು. ಇಷ್ಟಿದ್ದರೆ ಸಾಕು, ರೂಟ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆಯ, ಪಾಸ್‌ವರ್ಡ್ ಬೇಡ. ಭಾರೀ ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಅಪ್‌ಡೇಟ್ ಕೊಟ್ಟು ಮೊದಲಿನ ಹಾಗೆ ಪಾಸ್‌ವರ್ಡ್ ಕೇಳುವಂತೆ ಮಾಡಿದರು.

ಇವತ್ತು ಈ ಸಭೆಯಲ್ಲಿ ಇದನ್ನು ಯಾಕೆ ಎತ್ತಿಕೊಂಡೆ ಅಂದರೆ, ಆ ಜಗಳದಲ್ಲಿ ಎರಡೂ ಕಡೆಯವರು ಹೇಳಿದ್ದು ನಿಜವೇ ಆಗಿತ್ತು. ಒಂದು ಲ್ಯಾಪ್‌ಟಾಪ್ ಇದೆ, ಅದಕ್ಕೆ ಒಬ್ಬನೇ ಒಡೆಯ. ಸಹಿ ಇರುವ ಒಂದು ಚಿತ್ರ ತಿದ್ದುವ ಪ್ರೋಗ್ರಾಮ್ ಹಾಕಲು ಅವನ ಹತ್ತಿರವೇ ಅವನದೇ ಪಾಸ್‌ವರ್ಡ್ ಕೇಳಿದರೆ ಯಾರಿಂದ ಯಾರನ್ನು ಕಾಪಾಡಿದ ಹಾಗಾಯಿತು? ಇನ್ನೊಂದು ಯಂತ್ರ ಕಾಲೇಜಿನ ಲ್ಯಾಬ್‌ನಲ್ಲಿದೆ. ದಿನಕ್ಕೆ ನಲವತ್ತು ಜನ ಬಂದು ಕೂರುತ್ತಾರೆ. ಅವರಲ್ಲಿ ಯಾರು ಬೇಕಾದರೂ ರೆಪೊಸಿಟರಿಯಲ್ಲಿರುವ ಏನನ್ನು ಬೇಕಾದರೂ ಹಾಕಬಹುದು ಅಂದರೆ ಅಲ್ಲಿನ ಅಡ್ಮಿನ್‌ಗೆ ನಿದ್ದೆ ಬರುತ್ತದಾ? ಪ್ಯಾಕೇಜಿಗೆ ಸಹಿ ಇದೆ ಅಂದ ಮಾತ್ರಕ್ಕೆ ಅದರಲ್ಲಿ ತೂತಿಲ್ಲ ಅಂತ ಅರ್ಥವಲ್ಲ. ಹಳೆಯ ತೂತಿರುವ ಪ್ರೋಗ್ರಾಮನ್ನು ಬೇಕಂತಲೇ ಹಾಕಿ, ಆ ತೂತಿನ ಮೂಲಕ ರೂಟ್ ಆಗುವ ದಾರಿ ಹುಡುಕಬಹುದು. ಜಗಳ ಆಡುತ್ತಿದ್ದವರ ತಲೆಯಲ್ಲಿ ಬೇರೆ ಬೇರೆ ಯಂತ್ರಗಳಿದ್ದವು, ಅಷ್ಟೆ.

ಇದೇ ಜಾಗದಲ್ಲಿ ಇನ್ನೊಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್‌ನಲ್ಲಿ ಒಂದು ವೆಬ್ ಸರ್ವರ್ ಪ್ಯಾಕೇಜ್ ಹಾಕಿದ ಕೂಡಲೇ ಅದು ಓಡಲು ಶುರು ಮಾಡುತ್ತದೆ. ಫೆಡೋರಾದಲ್ಲಿ ನೀವಾಗಿ ಚಾಲೂ ಮಾಡುವ ತನಕ ಸುಮ್ನೆ ಕೂತಿರುತ್ತದೆ. ಹಾಕಿದೆ ಅಂದರೆ ಬೇಕು ಅಂತಲೇ ಅರ್ಥ ಅನ್ನುವುದು ಒಂದು ವಾದ. ಮೊದಲು ಸೆಟ್ಟಿಂಗ್ ಸರಿ ಮಾಡಿಕೊಳ್ಳಲಿ, ಆಮೇಲೆ ಓಡಲಿ ಅನ್ನುವುದು ಇನ್ನೊಂದು. ನಾನು ಎರಡನೆಯದರ ಕಡೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಡಿಫಾಲ್ಟ್ ಬಗ್ಗೆ, ಅಂದರೆ ತಯಾರಿಸಿದವರೇ ಮೊದಲು ಇಟ್ಟು ಕೊಡುವ ಸೆಟ್ಟಿಂಗ್ ಬಗ್ಗೆ, ಮಾತಾಡುವಾಗ ಯಾವಾಗಲೂ ಕೇಳಿಬರುವ ಒಂದು ಮಾತಿದೆ. "ಡೆಸ್ಕ್‌ಟಾಪ್ ಬಳಸುವವರಿಗೆ ಏನೂ ಗೊತ್ತಿರಲ್ಲ, ಅವರಿಗೆ ಎಲ್ಲ ಸಲೀಸಾಗಿರಲಿ. ಸರ್ವರ್ ನೋಡಿಕೊಳ್ಳುವವರು ತಿಳಿದವರು, ಬೇಕಾದ್ದನ್ನು ಅವರೇ ಮುಚ್ಚಿಕೊಳ್ಳುತ್ತಾರೆ." ನಾನೂ ತುಂಬಾ ವರ್ಷ ಹೀಗೇ ನಂಬಿದ್ದೆ. ಒಮ್ಮೆ ಒಂದು ಸಣ್ಣ ಆಫೀಸಿಗೆ ಫೈಲ್ ಇಡಲು ಜಾಗ ಬೇಕಿತ್ತು. ಹಳೆಯ ಲ್ಯಾಪ್‌ಟಾಪ್ ಒಂದಿತ್ತು, ಅದರಲ್ಲಿ ಡೆಸ್ಕ್‌ಟಾಪ್ ಲಿನಕ್ಸ್ ಮೊದಲೇ ಇತ್ತು. ಫೈಲ್ ಹಂಚುವ ಸರ್ವಿಸ್ ಒಂದನ್ನು ಸೇರಿಸಿ, ಮುಚ್ಚಳ ಮುಚ್ಚಿ, ಬೀರುವಿನ ಮೇಲೆ ಇಟ್ಟು ಬಂದೆ. ಒಂದು ವರ್ಷ ಕಳೆದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಲಾಗಿನ್ ಆಗಿ, ಯಾವ ಯಾವ ಪೋರ್ಟ್, ಅಂದರೆ ನೆಟ್‌ವರ್ಕ್‌ನಿಂದ ಒಳಬರುವ ಬಾಗಿಲು, ತೆರೆದಿವೆ ಅಂತ ಪಟ್ಟಿ ತೆಗೆದೆ. ಪ್ರಿಂಟರ್ ಹುಡುಕುವ ಸರ್ವಿಸ್ ಓಡುತ್ತಿತ್ತು. ನೆಟ್‌ವರ್ಕ್‌ನಲ್ಲಿ ತನ್ನ ಹೆಸರು ಸಾರಿ ಹೇಳುವ ಸರ್ವಿಸ್ ಓಡುತ್ತಿತ್ತು. ಆ ಯಂತ್ರಕ್ಕೆ ಒಂದು ದಿನವೂ ಪ್ರಿಂಟರ್ ಸಿಕ್ಕಿಸಿರಲಿಲ್ಲ. ಏನೂ ಅನಾಹುತ ಆಗಲಿಲ್ಲ, ನಿಜ. ಆದರೆ ಒಂದು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ ಅನ್ನುವುದು ಇವತ್ತಿಗೂ ಕಸಿವಿಸಿ ಮಾಡುತ್ತದೆ. ಆ ಯಂತ್ರ ಡೆಸ್ಕ್‌ಟಾಪಾ, ಸರ್ವರಾ? ಅದನ್ನು ತಯಾರಿಸಿದವರು ಡೆಸ್ಕ್‌ಟಾಪ್ ಅಂದುಕೊಂಡಿದ್ದರು. ನಾನು ಸರ್ವರ್ ಮಾಡಿಬಿಟ್ಟಿದ್ದೆ. ಅದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಅದೇ ಪ್ರಿಂಟರ್ ಹುಡುಕುವ ಸರ್ವಿಸ್, ಕಪ್ಸ್ ಬ್ರೌಸ್ಡ್ ಅಂತ ಹೆಸರು, 2024ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸುದ್ದಿಯಾಯಿತು. ಯುಡಿಪಿ (ಪ್ಯಾಕೆಟ್ ಕಳಿಸುವ ಒಂದು ಸರಳ ವಿಧಾನ) 631ನೇ ಪೋರ್ಟ್‌ನಲ್ಲಿ ಅದು ಎಲ್ಲ ದಿಕ್ಕಿನಿಂದ ಬರುವ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು. ಯಾರೋ ಹೊರಗಿನವರು ಒಂದು ಪ್ಯಾಕೆಟ್ ಕಳಿಸಿ "ಇಲ್ಲೊಂದು ಪ್ರಿಂಟರ್ ಇದೆ" ಅಂದರೆ ನಂಬಿಬಿಡುತ್ತಿತ್ತು. ಆ ಸುಳ್ಳು ಪ್ರಿಂಟರ್ ನಿಮ್ಮ ಪಟ್ಟಿಗೆ ಸೇರುತ್ತಿತ್ತು. ನೀವು ಗೊತ್ತಿಲ್ಲದೆ ಅದಕ್ಕೆ ಪ್ರಿಂಟ್ ಕೊಟ್ಟರೆ, ದಾಳಿ ಮಾಡುವವರು ಬರೆದಿಟ್ಟ ಕಮಾಂಡ್ ನಿಮ್ಮ ಯಂತ್ರದಲ್ಲಿ ಓಡುತ್ತಿತ್ತು. ಸರ್ವರ್‌ನಲ್ಲಿ ಯಾರೂ ಪ್ರಿಂಟ್ ಕೊಡಲ್ಲ, ಹಾಗಾಗಿ ಆ ಕೊನೆಯ ಹೆಜ್ಜೆ ಅಲ್ಲಿ ಅಪರೂಪ. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಪೋರ್ಟಿಗೆ ಒಂದು ಪ್ಯಾಕೆಟ್ ಕಳಿಸಿ, ನಿಮ್ಮ ಯಂತ್ರದಿಂದ ಇನ್ನಾರದೋ ಸರ್ವರ್ ಮೇಲೆ ರಿಕ್ವೆಸ್ಟ್‌ಗಳನ್ನು ಸುರಿಸಬಹುದು ಅಂತ ಕೆಲವೇ ದಿನಗಳಲ್ಲಿ ಸಂಶೋಧಕರು ತೋರಿಸಿದರು. ಪ್ರಿಂಟರ್ ತಾನಾಗಿ ಕಾಣಿಸಲಿ ಅನ್ನುವುದು ಒಳ್ಳೆಯ ಆಸೆ. ಮನೆಯಲ್ಲಿ ಪ್ರಿಂಟರ್ ಸೇರಿಸಲು ಒದ್ದಾಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಪ್ರಿಂಟರ್ ಬೇಕು ಅಂತ ಯಾರೂ ಕೇಳದ ಯಂತ್ರಗಳಲ್ಲೂ ಆ ಕಿವಿ ತೆರೆದೇ ಇತ್ತು.

ಇನ್ನೂ ಹಿಂದಕ್ಕೆ ಹೋಗೋಣ. ನಿಮ್ಮಲ್ಲಿ ಕೆಲವರು ಆಗ ಹುಟ್ಟಿರಲಿಕ್ಕಿಲ್ಲ. 2001ರ ಹೊತ್ತಿಗೆ ಎಲ್ಲರೂ ಧಾರಾಳವಾಗಿ ಬಾಗಿಲು ತೆರೆದಿಡುತ್ತಿದ್ದರು. ಆ ಜನವರಿಯಲ್ಲಿ ರಾಮೆನ್ ಅನ್ನುವ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಮ್, ಬಂತು. ರೆಡ್ ಹ್ಯಾಟ್ ಲಿನಕ್ಸ್ 6.2 ಮತ್ತು 7.0 ಹಾಕಿದ್ದ ಯಂತ್ರಗಳಲ್ಲಿ ಎಫ್‌ಟಿಪಿ ಸರ್ವರ್, ಪ್ರಿಂಟ್ ಸರ್ವಿಸ್ ಥರದ ತೂತುಗಳ ಮೂಲಕ ಒಳಗೆ ಬರುತ್ತಿತ್ತು. ಅದೇ ವರ್ಷದ ಜುಲೈನಲ್ಲಿ ಕೋಡ್ ರೆಡ್ ಅನ್ನುವ ವರ್ಮ್ ಬಂತು, ಅದು ನುಗ್ಗಿದ್ದು ಮೈಕ್ರೋಸಾಫ್ಟ್‌ನ ಐಐಎಸ್ ಮೂಲಕ. ವಿಂಡೋಸ್ 2000 ಸರ್ವರ್ ಹಾಕಿದರೆ ಜೊತೆಗೆ ಐಐಎಸ್ ವೆಬ್ ಸರ್ವರ್ ಕೂಡ ಬಂದುಬಿಡುತ್ತಿತ್ತು. ತಮ್ಮ ಯಂತ್ರದಲ್ಲಿ ವೆಬ್ ಸರ್ವರ್ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಇಲ್ಲದ್ದಕ್ಕೆ ಯಾರಾದರೂ ಪ್ಯಾಚ್, ಅಂದರೆ ತೂತು ಮುಚ್ಚುವ ತೇಪೆ, ಹಾಕುತ್ತಾರಾ? ವಿಂಡೋಸ್ ಸರ್ವರ್ 2003 ಬರುವಾಗ ಐಐಎಸ್ ಅನ್ನು ಮಾಮೂಲಿ ಇನ್‌ಸ್ಟಾಲ್‌ನಿಂದ ತೆಗೆದರು. ಬೇಕಾದವರು ಹಾಕಿಕೊಳ್ಳಲಿ ಅಂತ.

2003ರ ಜನವರಿ 25ರ ಕಥೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಸ್ಲ್ಯಾಮರ್ ಅಂತ ಒಂದು ವರ್ಮ್. ಇಡೀ ವರ್ಮ್ 376 ಬೈಟ್, ಒಂದೇ ಯುಡಿಪಿ ಪ್ಯಾಕೆಟ್‌ನಲ್ಲಿ ಹಿಡಿಯುತ್ತಿತ್ತು. ತೂತಿದ್ದ ಯಂತ್ರಗಳಲ್ಲಿ ಬಹುಪಾಲು ಯಂತ್ರಗಳಿಗೆ ಹತ್ತೇ ನಿಮಿಷದಲ್ಲಿ ಹರಡಿತು. ಅದು ನುಗ್ಗಿದ್ದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ. ಪ್ಯಾಚ್ ಆರು ತಿಂಗಳ ಹಿಂದೆಯೇ ಬಂದಿತ್ತು. ಡೇಟಾಬೇಸ್ ನೋಡಿಕೊಳ್ಳುವ ಅಡ್ಮಿನ್‌ಗಳು ಪ್ಯಾಚ್ ಹಾಕಲಿಲ್ಲ ಅಂತ ಬೈದು ಮುಗಿಸಬಹುದಿತ್ತು. ಆದರೆ ಅದೇ ಡೇಟಾಬೇಸ್‌ನ ಚಿಕ್ಕ ರೂಪ ಒಂದಿತ್ತು, ಎಂಎಸ್‌ಡಿಇ ಅಂತ. ಎಷ್ಟೋ ಡೆಸ್ಕ್‌ಟಾಪ್ ಪ್ರೋಗ್ರಾಮ್‌ಗಳು ಅದನ್ನು ತಮ್ಮ ಹೊಟ್ಟೆಯಲ್ಲಿ ಇಟ್ಟುಕೊಂಡು ಬರುತ್ತಿದ್ದವು. ಯಾವುದೋ ಆಫೀಸಿನ ಮೇಜಿನ ಮೇಲಿನ ಮಾಮೂಲಿ ಕಂಪ್ಯೂಟರ್, ಅದರಲ್ಲಿ ಒಂದು ಮಾಮೂಲಿ ಪ್ರೋಗ್ರಾಮ್, ಅದರೊಳಗೆ ನೆಟ್‌ವರ್ಕ್‌ಗೆ ಮುಖ ಮಾಡಿ ನಿಂತ ಒಂದು ಡೇಟಾಬೇಸ್ ಸರ್ವರ್. ಈಗ ಹೇಳಿ, ಡೆಸ್ಕ್‌ಟಾಪ್ ಎಲ್ಲಿ ಮುಗಿಯಿತು, ಸರ್ವರ್ ಎಲ್ಲಿ ಶುರುವಾಯಿತು?

ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅನ್ನುವ ವರ್ಮ್ ಬಂತು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ನಿಂದ ಬರುವುದನ್ನು ತಡೆಯುವ ಕಾವಲು, ಇತ್ತು, 2001ರಲ್ಲಿ ಬಿಡುಗಡೆ ಆದಾಗಿನಿಂದಲೇ ಇತ್ತು. ಆದರೆ ಆಫ್ ಮಾಡಿ ಇಟ್ಟಿದ್ದರು. ಆನ್ ಇದ್ದಿದ್ದರೆ ನೆಟ್‌ನಿಂದ ನೇರವಾಗಿ ಬರುತ್ತಿದ್ದ ಬ್ಲಾಸ್ಟರ್ ಬಾಗಿಲಲ್ಲೇ ನಿಲ್ಲುತ್ತಿತ್ತು. 2004ರ ಆಗಸ್ಟ್‌ನಲ್ಲಿ ಸರ್ವಿಸ್ ಪ್ಯಾಕ್ 2 ಬಂದಾಗ ಅದನ್ನು ಆನ್ ಮಾಡಿ ಕೊಟ್ಟರು. ಕೆಲವು ಪ್ರೋಗ್ರಾಮ್‌ಗಳು ಕೈಕೊಟ್ಟವು. ಜನ ಗೊಣಗಿದರು. ಒಂದೊಂದಾಗಿ ಸರಿ ಮಾಡಿಕೊಂಡರು.

ನಾನು ಸರ್ವಿಸ್ ತಾನಾಗಿ ಓಡಬಾರದು ಅನ್ನುವವರ ಕಡೆ ಅಂದೆನಲ್ಲ, ಅದಕ್ಕೆ ಕಾರಣ ಈ ಗೊಣಗಾಟ. ಬೇಕಾದ ಬಾಗಿಲು ಮುಚ್ಚಿದ್ದರೆ ನಿಮಗೆ ಅವತ್ತೇ ಗೊತ್ತಾಗುತ್ತದೆ. ಕೆಲಸ ಆಗಲ್ಲ, ಸಿಟ್ಟು ಬರುತ್ತದೆ, ಹುಡುಕಿ ತೆರೆಯುತ್ತೀರಿ. ಬೇಡದ ಬಾಗಿಲು ತೆರೆದಿದ್ದರೆ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿರುತ್ತದೆ. ನನ್ನ ಬೀರುವಿನ ಮೇಲಿನ ಲ್ಯಾಪ್‌ಟಾಪ್ ಥರ, ಒಂದು ವರ್ಷ.

ಹಾಗಾದರೆ ಎಲ್ಲವನ್ನೂ ಬಿಗಿಯಾಗಿ ಮುಚ್ಚಿಬಿಡೋಣ ಅಲ್ವಾ? ಅದನ್ನೂ ಮಾಡಿ ನೋಡಿದ್ದಾರೆ. ವಿಂಡೋಸ್ ವಿಸ್ತಾ ನೆನಪಿರುವವರಿಗೆ ಅದರ ಅನುಮತಿ ಕೇಳುವ ಕಿಟಕಿಯೂ ನೆನಪಿರುತ್ತದೆ. ಪ್ರತಿ ಸಣ್ಣ ಕೆಲಸಕ್ಕೂ ಪರದೆ ಕಪ್ಪಾಗಿ, ಮುಂದುವರಿಯಲಾ ಅಂತ ಕೇಳುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತೊಂದನೇ ಸಲ ಯಾರು ಓದುತ್ತಾರೆ? ಕೈ ತಾನಾಗಿ ಹೌದು ಒತ್ತುತ್ತದೆ. ವಿಂಡೋಸ್ 7ರಲ್ಲಿ ಈ ಕೇಳುವಿಕೆಯನ್ನು ಕಡಿಮೆ ಮಾಡಿದರು. ಕೆಲವು ಭದ್ರತಾ ತಜ್ಞರಿಗೆ ಅದು ಸರಿ ಕಾಣಲಿಲ್ಲ. ನನಗೆ ಕಂಡಿತು.

ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಸಂಗ ಎಸ್‌ಇ‌ಲಿನಕ್ಸ್‌ನದು. ಯಾವ ಪ್ರೋಗ್ರಾಮ್ ಏನು ಮಾಡಬಹುದು ಅಂತ ನಿಯಮ ಬರೆದು ಹಿಡಿದಿಡುವ ಲಿನಕ್ಸ್‌ನ ವ್ಯವಸ್ಥೆ ಅದು. 2004ರ ಮೇ ತಿಂಗಳಲ್ಲಿ ಫೆಡೋರಾ ಕೋರ್ 2 ಬಂತು. ಪರೀಕ್ಷಾ ಆವೃತ್ತಿಗಳಲ್ಲಿ ಎಸ್‌ಇ‌ಲಿನಕ್ಸ್ ಆನ್ ಆಗಿಯೇ ಬರುತ್ತಿತ್ತು, ಅದೂ ಬಿಗಿಯಾದ ನಿಯಮಗಳ ಜೊತೆ. ಡೆಸ್ಕ್‌ಟಾಪ್‌ನಲ್ಲಿ ಮನುಷ್ಯ ಏನು ಮಾಡುತ್ತಾನೆ ಅಂತ ಮೊದಲೇ ಬರೆದಿಡಲು ಆಗುವುದಿಲ್ಲ. ಒಂದು ಕಡೆಯಿಂದ ಫೈಲ್ ಎಳೆದು ಇನ್ನೊಂದು ಕಡೆ ಹಾಕುತ್ತಾನೆ, ಯಾವುದೋ ಸ್ಕ್ರಿಪ್ಟ್ ಓಡಿಸುತ್ತಾನೆ, ಅವನಿಗೆ ಏನು ಹೊಳೆಯುತ್ತದೋ ಅದು. ಹಾಗಾಗಿ ಎಲ್ಲ ಕಡೆ ತಡೆ. ಕೊನೆಗೆ ಬಿಡುಗಡೆಯ ಹೊತ್ತಿಗೆ ಅದನ್ನು ಆಫ್ ಮಾಡಿಯೇ ಕೊಡಬೇಕಾಯಿತು. ಆದರೆ ಅವರು ಕೈಬಿಡಲಿಲ್ಲ. ಆರು ತಿಂಗಳ ನಂತರ ಫೆಡೋರಾ ಕೋರ್ 3ರಲ್ಲಿ ಮತ್ತೆ ಆನ್ ಮಾಡಿದರು, ಟಾರ್ಗೆಟೆಡ್ ಅನ್ನುವ ಬೇರೆ ನಿಯಮಗಳ ಜೊತೆ. ಏನು ಬದಲಾಯಿತು? ವೆಬ್ ಸರ್ವರ್, ಡಿಎನ್‌ಎಸ್ ಸರ್ವರ್ ಥರ ನೆಟ್‌ವರ್ಕ್‌ಗೆ ಮುಖ ಮಾಡಿದ ಕೆಲವೇ ಡೀಮನ್‌ಗಳ, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳ, ಮೇಲೆ ಮಾತ್ರ ಬಿಗಿ. ಲಾಗಿನ್ ಆಗಿ ಕೂತ ಮನುಷ್ಯನನ್ನು ಅವನ ಪಾಡಿಗೆ ಬಿಟ್ಟರು. ವೆಬ್ ಸರ್ವರ್ ಏನು ಮಾಡುತ್ತದೆ ಅಂತ ಮೊದಲೇ ಬರೆದಿಡಬಹುದು. ಅದು ಪುಟಗಳನ್ನು ಓದುತ್ತದೆ, ಲಾಗ್ ಬರೆಯುತ್ತದೆ, ಅದಕ್ಕೆ ಹೊಸ ಯೋಚನೆ ಹೊಳೆಯುವುದಿಲ್ಲ. ಒಂದೇ ಡಿಫಾಲ್ಟ್ ಲ್ಯಾಪ್‌ಟಾಪಿಗೂ ಸರ್ವರಿಗೂ ಸರಿಹೋಯಿತು. ಅಂದರೆ ಬಿಗಿ ಮತ್ತು ಸಡಿಲದ ನಡುವೆ ಒಂದು ತಿರುಪು ಇದೆ, ಅದನ್ನು ಅರ್ಧಕ್ಕೆ ತಿರುಗಿಸಿ ನಿಲ್ಲಿಸಬೇಕು ಅನ್ನುವ ಲೆಕ್ಕವೇ ತಪ್ಪು. ಮನುಷ್ಯ ಎಲ್ಲಿದ್ದಾನೆ, ಎಲ್ಲಿಲ್ಲ ಅಂತ ನೋಡಿ ಗೆರೆ ಎಳೆದರು.

ನಾನು ಇವತ್ತು ಹೇಳಬೇಕು ಅಂತ ಬಂದಿದ್ದು ಇದನ್ನೇ. ಇದು ಡೆಸ್ಕ್‌ಟಾಪಾ, ಸರ್ವರಾ ಅಂತ ಇನ್‌ಸ್ಟಾಲ್ ಮಾಡುವಾಗ ಒಂದು ಸಲ ಕೇಳಿ ಬಿಟ್ಟರೆ ಸಾಲದು, ಯಾಕೆಂದರೆ ಯಂತ್ರ ಆಮೇಲೆ ಬದಲಾಗುತ್ತದೆ. ಪ್ರತಿ ಅನುಮತಿಯ ಹೊತ್ತಿಗೂ ಕೇಳಬೇಕು: ಎದುರಿಗೆ ಯಾರಾದರೂ ಕೂತಿದ್ದಾರಾ?

ಲಿನಕ್ಸ್‌ನಲ್ಲಿ ಪೋಲ್ಕಿಟ್ ಅಂತ ಒಂದಿದೆ. ಅದು ಮಾಡುವುದು ಈ ಕೆಲಸವನ್ನೇ. ಪ್ರತಿ ಕೆಲಸಕ್ಕೂ ಅಲ್ಲಿ ಮೂರು ಉತ್ತರ ಬರೆದಿಡಬಹುದು. ಯಂತ್ರದ ಮುಂದೆಯೇ ಕೂತು ಈಗ ಬಳಸುತ್ತಿರುವವರಿಗೆ ಒಂದು. ಅಲ್ಲೇ ಲಾಗಿನ್ ಆಗಿದ್ದು, ಸದ್ಯ ಪರದೆ ಇನ್ನೊಬ್ಬರ ಕೈಯಲ್ಲಿ ಇದ್ದರೆ ಇನ್ನೊಂದು. ದೂರದಿಂದ ಬಂದವರೂ ಸೇರಿ ಉಳಿದವರಿಗೆ ಮತ್ತೊಂದು. ಎದುರಿಗೆ ಕೂತವರು ಪೆನ್ ಡ್ರೈವ್ ಸಿಕ್ಕಿಸಿದರೆ ಪಾಸ್‌ವರ್ಡ್ ಇಲ್ಲದೆ ತೆರೆಯಲಿ, ಯಂತ್ರವನ್ನು ಆಫ್ ಮಾಡಲಿ. ಹೇಗೂ ಪ್ಲಗ್ ಅವರ ಕೈಗೆ ಸಿಗುವ ಹಾಗೇ ಇದೆ, ಬೇಡ ಅಂದು ಏನು ಉಪಯೋಗ? ಅದೇ ಕೆಲಸವನ್ನು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಬಂದವರು ಮಾಡಲು ಹೋದರೆ ಪಾಸ್‌ವರ್ಡ್ ಕೇಳಲಿ. ಸರ್ವರ್ ಮುಂದೆ ಯಾರೂ ಕೂತಿರಲ್ಲ, ಆದ್ದರಿಂದ ಆ ಸಡಿಲಿಕೆ ಅಲ್ಲಿ ಯಾರಿಗೂ ಸಿಗುವುದೇ ಇಲ್ಲ. ಯಾರೂ ಯಾವ ಸೆಟ್ಟಿಂಗನ್ನೂ ಮುಟ್ಟಬೇಕಾಗಿಲ್ಲ. ಫೆಡೋರಾ 12 ಕೂಡ ಇದೇ ದಾರಿಯಲ್ಲಿ ಹೆಜ್ಜೆ ಇಟ್ಟಿತ್ತು, ಮುಂದೆ ಕೂತವರಿಗೆ ಮಾತ್ರ ಅಂದಿತ್ತು. ಆದರೆ ಮುಂದೆ ಕೂತವರೇ ಯಂತ್ರದ ಒಡೆಯರು ಅಂದುಕೊಂಡಿತು. ಲ್ಯಾಬ್‌ನಲ್ಲಿ ಆ ಲೆಕ್ಕ ತಪ್ಪಿತು. ಪೆನ್ ಡ್ರೈವ್ ತೆರೆಯುವುದು ಬೇರೆ, ಇಡೀ ಯಂತ್ರಕ್ಕೆ ಸೇರುವ ಸಾಫ್ಟ್‌ವೇರ್ ಹಾಕುವುದು ಬೇರೆ.

ಇದೇ ಯೋಚನೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ಬಹಳ ಸರಳವಾಗಿ ಬಂದಿದೆ. ಮೊದಲು ಅದರಲ್ಲಿ ಎಸ್‌ಎಸ್‌ಎಚ್ ಆನ್ ಇರುತ್ತಿತ್ತು, ಬಳಕೆದಾರನ ಹೆಸರು ಪೈ, ಪಾಸ್‌ವರ್ಡ್ ರಾಸ್ಪ್‌ಬೆರಿ, ಜಗತ್ತಿನಲ್ಲೆಲ್ಲ ಒಂದೇ. 2016ರಲ್ಲಿ ಮಿರಾಯ್ ಬಾಟ್‌ನೆಟ್, ಅಂದರೆ ಕದ್ದು ವಶಮಾಡಿಕೊಂಡ ಯಂತ್ರಗಳ ಜಾಲ, ಇಂಥದ್ದೇ ಡಿಫಾಲ್ಟ್ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡು ಕ್ಯಾಮೆರಾ, ರೂಟರ್‌ಗಳನ್ನು ಲೆಕ್ಕವಿಲ್ಲದಷ್ಟು ಹಿಡಿಯಿತು. ಆ ನವೆಂಬರ್‌ನಲ್ಲಿ ಪೈನವರು ಎಸ್‌ಎಸ್‌ಎಚ್ ಆಫ್ ಮಾಡಿದರು. ಆದರೆ ಪೈ ಬಳಸುವ ಎಷ್ಟೋ ಜನರ ಹತ್ತಿರ ಅದಕ್ಕೆ ಸಿಕ್ಕಿಸಲು ಮಾನಿಟರ್, ಕೀಬೋರ್ಡ್ ಇರಲ್ಲ. ಅವರು ಆನ್ ಮಾಡುವುದು ಹೇಗೆ? ಮೆಮೊರಿ ಕಾರ್ಡ್‌ನ ಬೂಟ್ ಭಾಗದಲ್ಲಿ ಎಸ್‌ಎಸ್‌ಎಚ್ ಅನ್ನುವ ಹೆಸರಿನ ಒಂದು ಖಾಲಿ ಫೈಲ್ ಹಾಕಿದರೆ ಸಾಕಿತ್ತು. ಕಾರ್ಡ್ ಕೈಯಲ್ಲಿದೆ ಅಂದರೆ ಯಂತ್ರ ನಿಮ್ಮ ಕೈಯಲ್ಲಿದೆ. ನೆಟ್‌ವರ್ಕ್‌ನಿಂದ ಬರುವ ಯಾರೂ ಅದನ್ನು ಮಾಡಲು ಆಗಲ್ಲ. ಕಲಿಯುವ ಮಕ್ಕಳಿಗೂ ಕಷ್ಟವಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಆ ಒಂದೇ ಹೆಸರು, ಒಂದೇ ಪಾಸ್‌ವರ್ಡನ್ನೂ ತೆಗೆದುಹಾಕಿದರು. ಇಂಥ ಡಿಫಾಲ್ಟ್ ಕಂಡರೆ ನನಗೆ ನಿಜವಾಗಲೂ ಖುಷಿಯಾಗುತ್ತದೆ. ಯಾರೋ ಕೂತು ಎರಡು ಥರದ ಬಳಕೆದಾರರನ್ನೂ ಕಣ್ಣ ಮುಂದೆ ತಂದುಕೊಂಡು ಮಾಡಿದ್ದಾರೆ.

ಈಗ ನಾನು ಒಪ್ಪದ ಒಂದು ಡಿಫಾಲ್ಟ್. 2014ರ ಡಿಸೆಂಬರ್‌ನಲ್ಲಿ ಫೆಡೋರಾ 21 ವರ್ಕ್‌ಸ್ಟೇಷನ್, ಸರ್ವರ್, ಕ್ಲೌಡ್ ಅಂತ ಮೂರಾಯಿತು. ಒಳ್ಳೆಯ ಕೆಲಸ. ಸರ್ವರ್‌ನ ಫೈರ್‌ವಾಲ್ ಎಸ್‌ಎಸ್‌ಎಚ್ ಥರದ ಎರಡು ಮೂರು ಸರ್ವಿಸ್ ಬಿಟ್ಟು ಉಳಿದದ್ದನ್ನು ಮುಚ್ಚಿಟ್ಟಿತು. ವರ್ಕ್‌ಸ್ಟೇಷನ್‌ನಲ್ಲಿ ಮಾತ್ರ 1025ರಿಂದ 65535ರ ತನಕ ಎಲ್ಲ ಪೋರ್ಟ್‌ಗಳೂ ತೆರೆದಿವೆ. ಅವರ ವಾದ ಹಗುರವಾದದ್ದಲ್ಲ. ಹಾಡು, ಫೋಟೋ ಹಂಚುವ ಪ್ರೋಗ್ರಾಮ್‌ಗಳು ಮೇಲಿನ ಪೋರ್ಟ್‌ಗಳನ್ನು ಬಳಸುತ್ತವೆ. ಅವು ಕೆಲಸ ಮಾಡದಿದ್ದಾಗ ಫೈರ್‌ವಾಲ್ ಕಾರಣ ಅಂತ ಯಾರಿಗೂ ಹೊಳೆಯಲ್ಲ. ಹೊಳೆದವರು ಫೈರ್‌ವಾಲನ್ನೇ ಪೂರ್ತಿ ತೆಗೆದುಬಿಡುತ್ತಾರೆ. ಎಲ್ಲ ಸರಿ. ಆದರೆ ವರ್ಕ್‌ಸ್ಟೇಷನ್ ಬಳಸುವವರು ಯಾರು? ಪ್ರೋಗ್ರಾಮ್ ಬರೆಯುವವರು ಅಂತ ಅವರೇ ಹೇಳುತ್ತಾರೆ. ಡೇಟಾಬೇಸ್‌ಗಳಾದ ಮೈಎಸ್‌ಕ್ಯೂಎಲ್ 3306, ಪೋಸ್ಟ್‌ಗ್ರೆಸ್ 5432, ರೆಡಿಸ್ 6379, ಪರೀಕ್ಷೆಗೆ ಓಡಿಸುವ ವೆಬ್ ಸರ್ವರ್ 8080, ಎಲ್ಲವೂ ಆ ತೆರೆದ ಸಾಲಿನಲ್ಲೇ ಇವೆ. ಪೋಸ್ಟ್‌ಗ್ರೆಸ್ ತಾನಾಗಿ ಒಳಗಿನ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ, ದೇವರ ದಯೆ. ಆದರೆ ನಾವೇ ಬರೆದ ಅರ್ಧಂಬರ್ಧ ಪ್ರೋಗ್ರಾಮ್‌ಗಳು? ಪಾಸ್‌ವರ್ಡ್ ಇಲ್ಲದೆ, ಎಲ್ಲ ವಿಳಾಸಗಳಿಗೂ ಉತ್ತರ ಕೊಡುತ್ತಾ, ಸಾವಿರಾರು ಜನ ಇರುವ ಸಭೆಯ ವೈಫೈನಲ್ಲಿ ಓಡುತ್ತಿರುತ್ತವೆ. ನೆಟ್‌ವರ್ಕ್ ಮನೆಯದಾ, ಹೊರಗಿನದಾ ಅಂತ ಒಂದು ಸಲ ಕೇಳಿ, ಅದಕ್ಕೆ ತಕ್ಕಂತೆ ಬದಲಾಗಬೇಕು. ವಿಂಡೋಸ್ ಈ ಭೇದ ಇಟ್ಟುಕೊಂಡಿದೆ. ಫೆಡೋರಾದಲ್ಲೂ ಪ್ರತಿ ಸಂಪರ್ಕಕ್ಕೆ ಬೇರೆ ಫೈರ್‌ವಾಲ್ ವಲಯ ಕೊಡುವ ಸೌಲಭ್ಯ ಇದೆ. ಡಿಫಾಲ್ಟ್ ಅದನ್ನು ಬಳಸುತ್ತಿಲ್ಲ.

ಡೆಸ್ಕ್‌ಟಾಪ್ ಅಂದರೆ ಸಡಿಲ, ಸರ್ವರ್ ಅಂದರೆ ಬಿಗಿ ಅಂತಲೂ ಅಂದುಕೊಳ್ಳಬೇಡಿ. 2016ರಲ್ಲಿ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ 230 ಬಂದಾಗ ಲಾಗ್‌ಔಟ್ ಆದ ಬಳಕೆದಾರನ ಎಲ್ಲ ಪ್ರೋಗ್ರಾಮ್‌ಗಳನ್ನೂ ಕೊಲ್ಲುವುದನ್ನು ಡಿಫಾಲ್ಟ್ ಮಾಡಿದರು. ಡೆಸ್ಕ್‌ಟಾಪ್‌ನಲ್ಲಿ ಇದು ಸರಿಯಾದ ಶುಚಿತ್ವ, ಹೋದವರ ಹಿಂದೆ ಏನೂ ಉಳಿಯಬಾರದು. ಸರ್ವರ್‌ನಲ್ಲಿ ರಾತ್ರಿಯಿಡೀ ಓಡುವ ಕೆಲಸವನ್ನು ಟಿಮಕ್ಸ್ ಅನ್ನುವ, ಲಾಗ್‌ಔಟ್ ಆದರೂ ಕೆಲಸ ಓಡಿಸುತ್ತಲೇ ಇರುವ ಪ್ರೋಗ್ರಾಮ್‌ನಲ್ಲಿಟ್ಟು ಲಾಗ್‌ಔಟ್ ಆಗುವವರಿಗೆ? ಬೆಳಿಗ್ಗೆ ಬಂದು ನೋಡಿದರೆ ಏನೂ ಇಲ್ಲ. ಡೆಬಿಯನ್ ಅದನ್ನು ಹಿಂದಿನ ಹಾಗೆ ಮಾಡಿತು.

ಇನ್ನೊಂದನ್ನು ಬೇಗ ಹೇಳುತ್ತೇನೆ. ಲಿನಕ್ಸ್‌ನ ಮತ್ತೊಂದು ರೂಪವಾದ ಉಬುಂಟುದಲ್ಲಿ ನಿಮ್ಮ ಹೋಮ್ ಫೋಲ್ಡರ್ ಅನ್ನು ಅದೇ ಯಂತ್ರದ ಬೇರೆ ಬಳಕೆದಾರರು ತೆರೆದು ನೋಡಬಹುದಿತ್ತು. ಅನುಮತಿಯ ಸಂಖ್ಯೆ 755, ಅಂದರೆ ಎಲ್ಲರೂ ಓದಬಹುದು. ಮನೆ ಮಂದಿ ಫೈಲ್ ಹಂಚಿಕೊಳ್ಳಲಿ ಅಂತ. 2021ರ ಏಪ್ರಿಲ್‌ನ 21.04ರಲ್ಲಿ 750 ಮಾಡಿದರು, ಬೇರೆಯವರಿಗೆ ಬಾಗಿಲು ಮುಚ್ಚಿತು. ಆದರೆ ಹಳೆಯ ಯಂತ್ರವನ್ನು ಅಪ್‌ಗ್ರೇಡ್ ಮಾಡಿಕೊಂಡು ಬಂದವರ ಫೋಲ್ಡರ್ ಹಾಗೇ ಉಳಿಯಿತು. ಡಿಫಾಲ್ಟ್ ಬದಲಾದರೂ ಹಳಬರಿಗೆ ಅದು ತಲುಪುವುದಿಲ್ಲ. ಇವತ್ತು ಮನೆಗೆ ಹೋಗಿ ನಿಮ್ಮದನ್ನು ನೋಡಿಕೊಳ್ಳಿ.

ಕೊನೆಗೆ ಸಭೆಯಿಂದ ಒಂದು ಪ್ರಶ್ನೆ ಬಂತು. ಎದುರಿಗೆ ಯಾರಿದ್ದಾರೆ ಅಂತ ನೋಡಿದರೂ ಬಗೆಹರಿಯದ್ದು ಏನಾದರೂ ಇದೆಯಾ ಅಂತ. ಇದೆ. ಯೂಸರ್ ನೇಮ್‌ಸ್ಪೇಸ್. ಮಾಮೂಲಿ ಬಳಕೆದಾರನ ಪ್ರೋಗ್ರಾಮ್ ಒಂದು ಪುಟ್ಟ ಪ್ರಪಂಚ ಕಟ್ಟಿಕೊಂಡು, ಅದರೊಳಗೆ ಮಾತ್ರ ರೂಟ್ ಆಗುವ ಸೌಲಭ್ಯ ಇದು. ಕ್ರೋಮ್ ಪ್ರತಿ ವೆಬ್ ಪುಟವನ್ನು ಬೇಲಿಯೊಳಗೆ ಇಡಲು ಇದನ್ನು ಬಳಸುತ್ತದೆ, ಪ್ರೋಗ್ರಾಮ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಫ್ಲಾಟ್‌ಪ್ಯಾಕ್ ಕೂಡ. ಅಂದರೆ ಡೆಸ್ಕ್‌ಟಾಪ್‌ನಲ್ಲಿ ಇದೇ ಭದ್ರತೆ. ಅದೇ ಹೊತ್ತಿಗೆ, ರೂಟ್‌ಗೆ ಮಾತ್ರ ಸಿಗುತ್ತಿದ್ದ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಎಷ್ಟೋ ಮೂಲೆಗಳು ಇದರಿಂದ ಎಲ್ಲರ ಕೈಗೂ ಸಿಗುತ್ತವೆ, ಅಲ್ಲಿನ ತೂತುಗಳೂ ಸಿಗುತ್ತವೆ. ಇಲ್ಲಿ ಅನುಕೂಲಕ್ಕೂ ಭದ್ರತೆಗೂ ಜಗಳವಿಲ್ಲ, ಭದ್ರತೆಗೂ ಭದ್ರತೆಗೂ ಜಗಳ. ಡೆಬಿಯನ್ ಇದನ್ನು ವರ್ಷಗಟ್ಟಲೆ ಆಫ್ ಮಾಡಿಟ್ಟು, 2021ರಲ್ಲಿ ಡೆಬಿಯನ್ 11ರಲ್ಲಿ ಆನ್ ಮಾಡಿತು. ಉಬುಂಟು 24.04 ಉಲ್ಟಾ ದಿಕ್ಕಿಗೆ ಹೋಗಿ, ಎಸ್‌ಇಲಿನಕ್ಸ್ ಥರದ್ದೇ ಆದ ಆಪ್‌ಆರ್ಮರ್ ಮೂಲಕ ಪಟ್ಟಿಯಲ್ಲಿರುವ ಪ್ರೋಗ್ರಾಮ್‌ಗಳಿಗೆ ಮಾತ್ರ ಅನುಮತಿ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಸಂಶೋಧಕರು ಆ ಪಟ್ಟಿಯನ್ನು ದಾಟುವ ಮೂರು ದಾರಿಗಳನ್ನು ತೋರಿಸಿದರು. ಅದರಲ್ಲಿ ಒಂದು, ಪಟ್ಟಿಯಲ್ಲೇ ಇದ್ದ ಬಿಸಿಬಾಕ್ಸ್ (ಹಲವು ಸಣ್ಣ ಕಮಾಂಡ್‌ಗಳು ಸೇರಿದ ಒಂದೇ ಪ್ರೋಗ್ರಾಮ್) ಮೂಲಕ. ಆದರೂ ಪಟ್ಟಿಯ ದಾರಿಯೇ ಸರಿ ಅಂತ ನನಗೆ ಅನ್ನಿಸುತ್ತದೆ, ಪಟ್ಟಿಯನ್ನು ಚಿಕ್ಕದು ಮಾಡುತ್ತಾ ಹೋಗಬೇಕು.

ನಿಮ್ಮ ಯಂತ್ರಗಳಿಗೆ ಏನು ಮಾಡಬೇಕು ಅಂದರೆ, ಬ್ರೌಸರ್ ಇಲ್ಲದ, ರೂಟ್ ಇಲ್ಲದೆ ಕಂಟೈನರ್ (ಪ್ರತ್ಯೇಕವಾಗಿ ಕಟ್ಟಿಟ್ಟ ಪ್ರೋಗ್ರಾಮ್) ಓಡಿಸದ ಸರ್ವರ್‌ನಲ್ಲಿ ಯೂಸರ್ ನೇಮ್‌ಸ್ಪೇಸ್‌ನ ಮಿತಿಯನ್ನು ಸೊನ್ನೆಗೆ ಇಳಿಸಿ. ಕೆಲವು ಸಿಸ್ಟಮ್ ಸರ್ವಿಸ್‌ಗಳೂ ಅದನ್ನು ಬಳಸುತ್ತವೆ, ಹಾಗಾಗಿ ಮೊದಲು ಪರೀಕ್ಷೆಯ ಯಂತ್ರದಲ್ಲಿ ಮಾಡಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಅದನ್ನು ಮುಟ್ಟಬೇಡಿ. ಅಲ್ಲಿ ಬ್ರೌಸರ್ ಇದೆ, ಅದರ ಮುಂದೆ ನೀವಿದ್ದೀರಿ.